ತಂತಿಯ ಹದ, ಮಣಿಯ ಅಂಚು

ಬೆಂಗಳೂರಿನ ಪಶ್ಚಿಮಕ್ಕಿರುವ ಮಲ್ಲತ್ತಹಳ್ಳಿಯಲ್ಲಿ, ಜ್ಞಾನಭಾರತಿ ಆವರಣಕ್ಕೂ ಕಲಾಗ್ರಾಮಕ್ಕೂ ಹೆಚ್ಚು ದೂರವಲ್ಲದ ಬೀದಿಯೊಂದರಲ್ಲಿ, ನಮಗೆ ಪರಿಚಿತರಾದ ಗೃಹಿಣಿಯೊಬ್ಬರಿದ್ದಾರೆ. ಚಿಕ್ಕಪೇಟೆಯಿಂದ ತಾಮ್ರದ ತಂತಿಯನ್ನೂ ಗಾಜಿನ ಮಣಿಗಳನ್ನೂ ತಂದು, ಮನೆಗೆಲಸ ಮುಗಿದ ಮೇಲೆ ಓಲೆ, ಸರ, ಬಳೆಗಳನ್ನು ಕೈಯಿಂದಲೇ ಕಟ್ಟಿ ಮಾರುತ್ತಾರೆ. ಮಗಳ ಕಾಲೇಜಿನ ಶುಲ್ಕಕ್ಕೆ ಈ ಹಣವೇ ಆಧಾರ. ಕೆಲವು ತಿಂಗಳ ಹಿಂದೆ ಅವರು ಅಂಗಡಿಯೊಂದಕ್ಕೆ ಕೊಟ್ಟಿದ್ದ ಓಲೆಗಳಲ್ಲಿ ಹಲವು ಜೊತೆ ಕೊಂಡಿ ಮುರಿದು ಹಿಂದಿರುಗಿದವು, ಹಣವೂ ಕಡಿತವಾಯಿತು. ಅದೇ ವಾರದಲ್ಲಿ ಅವರ ಕೊರಳಿನ ಕರಿಮಣಿ ಸರವೂ ಹರಿಯಿತು. ಮನೆಯ ಹಿರಿಯರೊಬ್ಬರು ಎರಡನ್ನೂ ಜೋಡಿಸಿ ಅಪಶಕುನವೆಂದರು.

“ಮೇಷ್ಟ್ರೇ, ತಂತಿ ಕಳಪೆಯೋ, ನನ್ನ ಕೈ ಕಳಪೆಯೋ, ನೀವೇ ನೋಡಿ ಹೇಳಿ” ಎಂದು ಆ ತಾಯಿ ಮುರಿದ ಕೊಂಡಿಗಳನ್ನೂ ಹರಿದ ಸರವನ್ನೂ ನಮ್ಮ ಮುಂದಿಟ್ಟರು. ಶಕುನದ ಮಾತನ್ನು ಅವರು ಮೆಲ್ಲಗೆ, ತಲೆ ತಗ್ಗಿಸಿಕೊಂಡು ಹೇಳಿದರು. ಈ ಎರಡು ಮುರಿತಗಳ ಕಾರಣವನ್ನು ಹುಡುಕುವುದೇ ಈ ಲೇಖನದ ಉದ್ದೇಶ. ಹುಡುಕುತ್ತ ಹೋದಂತೆ ಲೋಹವಿಜ್ಞಾನದ ಒಂದು ಮುಖ್ಯ ಅಧ್ಯಾಯವೇ ನಮ್ಮೆದುರು ತೆರೆದುಕೊಳ್ಳುವುದು.

ತಂತಿಯ ಹುಟ್ಟು

ತಂತಿಯಲ್ಲಿ ಮಣಿ ಪೋಣಿಸಿ ಒಡವೆ ಮಾಡುವ ಕಲೆ ಬಹು ಪುರಾತನವಾದುದು. ಇರಾಕಿನ ಊರ್ ಎಂಬಲ್ಲಿ ಲಿಯೊನಾರ್ಡ್ ವೂಲಿಯವರು 1922ರಿಂದ 1934ರವರೆಗೆ ನಡೆಸಿದ ಉತ್ಖನನದಲ್ಲಿ, ಸುಮಾರು ನಾಲ್ಕೂವರೆ ಸಾವಿರ ವರ್ಷಗಳಷ್ಟು ಹಳೆಯ ಸಮಾಧಿಗಳಿಂದ ಚಿನ್ನದ ಆಭರಣಗಳೂ ಕೆಂಪು ಕಲ್ಲಿನ ಮಣಿಗಳೂ ಹೊರಬಂದವು. ನಮ್ಮ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ 1947ರಲ್ಲಿ ಮಾರ್ಟಿಮರ್ ವ್ಹೀಲರರು ನಡೆಸಿದ ಉತ್ಖನನದಲ್ಲಿಯೂ ಮಣಿಗಳು ದೊರೆತವು. ಅಷ್ಟು ಹಿಂದಿನ ಕಾಲದಲ್ಲಿ ತಂತಿಯನ್ನು ಇಂದಿನಂತೆ ಎಳೆಯುತ್ತಿರಲಿಲ್ಲ. ತಗಡಿನಿಂದ ಕತ್ತರಿಸಿದ ಪಟ್ಟಿಯನ್ನು ಬಡಿದು, ತಿರುಚಿ, ಹೊಸೆದು ತಂತಿ ಮಾಡುತ್ತಿದ್ದರು.

ಈಗಿನ ವಿಧಾನ ಬೇರೆ. ಅಕ್ಕಸಾಲಿಗನ ಬಳಿ ‘ಕಂಬಚ್ಚು’ ಎಂಬ ಉಪಕರಣವೊಂದುಂಟು. ಅದು ಒಂದಕ್ಕಿಂತ ಒಂದು ಕಿರಿದಾದ ತೂತುಗಳನ್ನು ಸಾಲಾಗಿ ಕೊರೆದ ಉಕ್ಕಿನ ಹಲಗೆ. ಲೋಹದ ಸಣ್ಣ ಕಂಬಿಯ ತುದಿಯನ್ನು ಅರದಿಂದ ಚೂಪು ಮಾಡಿ, ತೂತಿನಲ್ಲಿ ತೂರಿಸಿ, ಆಚೆಯಿಂದ ಇಕ್ಕಳದಲ್ಲಿ ಹಿಡಿದು ಎಳೆಯುತ್ತಾನೆ. ಅನಂತರ ಅದಕ್ಕಿಂತ ಚಿಕ್ಕ ತೂತು, ಅನಂತರ ಮತ್ತೂ ಚಿಕ್ಕದು. ಲೋಹದ ಘನಗಾತ್ರ ಮಾತ್ರ ಬದಲಾಗದು. ಆದುದರಿಂದ ವ್ಯಾಸವು ಅರ್ಧವಾದರೆ ಉದ್ದವು ನಾಲ್ಕರಷ್ಟಾಗಲೇಬೇಕು. 1 ಗ್ರಾಂ ಅಪ್ಪಟ ಚಿನ್ನವನ್ನು 1 ಮಿಲಿಮೀಟರ್ ದಪ್ಪದ ತಂತಿಯಾಗಿ ಎಳೆದರೆ ಸುಮಾರು 6.6 ಸೆಂಟಿಮೀಟರ್ ಉದ್ದ ಬರುವುದು. ಅರ್ಧ ಮಿಲಿಮೀಟರಿಗೆ ಇಳಿಸಿದರೆ ಅದೇ ಚಿನ್ನ 26 ಸೆಂಟಿಮೀಟರಿಗೂ ಮಿಕ್ಕಿ ಬೆಳೆಯುವುದು.

ಇಲ್ಲಿ ಒಂದು ಸೋಜಿಗವಿದೆ. ತೂತಿನ ಹಿಂದಿರುವ ಕಂಬಿ ದಪ್ಪ, ಮುಂದೆ ಬಂದಿರುವ ತಂತಿ ತೆಳು. ಎಳೆಯುವ ಬಲವನ್ನೆಲ್ಲ ತೆಳುವಾದ ಭಾಗವೇ ಹೊರಬೇಕು. ಹಾಗಿದ್ದರೂ ಅದು ಹರಿಯದೆ, ದಪ್ಪ ಭಾಗವೇ ಕರಗಿದಂತೆ ತೂತಿನೊಳಗೆ ಹರಿದು ಬರುವುದೇಕೆ? ತೂತಿನ ಗೋಡೆಗಳು ಸುತ್ತಲಿಂದ ಒತ್ತಿ ಲೋಹದ ಹರಿವಿಗೆ ನೆರವಾಗುವುದು ಒಂದು ಕಾರಣ. ಎಳೆತಕ್ಕೆ ಸಿಕ್ಕಿದ ಲೋಹವು ಎಳೆಯುವ ಮುನ್ನ ಇದ್ದುದಕ್ಕಿಂತ ಗಡಸಾಗುವುದು ಇನ್ನೊಂದು ಕಾರಣ. ಈ ಎರಡನೆಯ ಕಾರಣವೇ ನಮ್ಮ ಕಥೆಯ ಕೇಂದ್ರ.

ಒಂದು ಸುಲಭ ಪ್ರಯೋಗ

ವಾಚಕರು ಒಂದು ಗೇಣುದ್ದದ ಮೆತ್ತನೆಯ ತಾಮ್ರದ ತಂತಿಯನ್ನು ತೆಗೆದುಕೊಳ್ಳಲಿ. ಮಧ್ಯದಲ್ಲಿ ಅದನ್ನು ಬೆರಳಿನಿಂದ ಬಾಗಿಸಿ, ಬಳಿಕ ಮೊದಲಿನಂತೆಯೇ ನೇರ ಮಾಡಲು ಯತ್ನಿಸಲಿ. ತಂತಿಯು ಎಂದಿಗೂ ಪೂರ್ತಿ ನೇರವಾಗದು. ಬಾಗಿಸಿದ ಜಾಗ ಹಾಗೆಯೇ ಡೊಂಕಾಗಿ ನಿಂತು, ಅದರ ಎರಡು ಪಕ್ಕಗಳಲ್ಲಿ ಹೊಸ ಬಾಗುಗಳು ತೋರುವುವು. ಒಮ್ಮೆ ಬಾಗಿದ ಭಾಗ ನೆರೆಹೊರೆಯ ಭಾಗಕ್ಕಿಂತ ಗಡಸಾಗಿದೆ, ಆದುದರಿಂದ ನಮ್ಮ ಬಲಕ್ಕೆ ನೆರೆಯದೇ ಮೊದಲು ಮಣಿಯುತ್ತದೆ ಎಂದಷ್ಟೇ ಇದರ ಅರ್ಥ. ಅದೇ ಜಾಗವನ್ನು ಇಕ್ಕಳದಿಂದ ಹಿಡಿದು ಹಿಂದಕ್ಕೂ ಮುಂದಕ್ಕೂ ಬಾಗಿಸುತ್ತ ಹೋದರೆ, ಪ್ರತಿ ಸಲವೂ ಹೆಚ್ಚು ಬಲ ಬೇಕಾಗುವುದು. ಕೊನೆಗೆ ತಂತಿ ಪಟ್ಟನೆ ಮುರಿಯುವುದು.

ಮುರಿದ ತುಂಡಿನಲ್ಲಿರುವುದು ಅದೇ ತಾಮ್ರ. ಏನೂ ಸೇರಲಿಲ್ಲ, ಏನೂ ಕಳೆಯಲಿಲ್ಲ. ಹಾಗಾದರೆ ಮೆತ್ತಗಿದ್ದ ಲೋಹ ಗಡಸಾದುದು ಹೇಗೆ?

ತಟ್ಟೆಯಲ್ಲಿ ಪರಮಾಣುಗಳು

ಇದಕ್ಕೆ ಉತ್ತರವನ್ನು ಮಣಿಗಳಿಂದಲೇ ಕಲಿಯಬಹುದು. ಒಂದೇ ಗಾತ್ರದ ದುಂಡು ಮಣಿಗಳನ್ನು ಚಪ್ಪಟೆ ತಳದ ತಟ್ಟೆಯಲ್ಲಿ ಒಂದೇ ಪದರವಾಗಿ ಸುರಿದು, ತಟ್ಟೆಯನ್ನು ಕೊಂಚ ಓರೆ ಮಾಡಿರಿ. ಮಣಿಗಳು ಒಂದರ ಪಕ್ಕಕ್ಕೊಂದು ಸೇರಿ, ಪ್ರತಿ ಮಣಿಯ ಸುತ್ತಲೂ ಆರು ಮಣಿಗಳು ಬರುವಂತೆ ಸಾಲುಗಟ್ಟುವುವು. ಆದರೆ ತಟ್ಟೆಯ ತುಂಬ ಒಂದೇ ಶಿಸ್ತು ಇರುವುದಿಲ್ಲ. ಒಂದು ಕಡೆಯ ಸಾಲುಗಳು ಒಂದು ದಿಕ್ಕಿಗೆ, ಇನ್ನೊಂದು ಕಡೆಯವು ಇನ್ನೊಂದು ದಿಕ್ಕಿಗೆ ಇರುವುವು. ಅವು ಕೂಡುವಲ್ಲಿ ಗಡಿಗಳು ಕಾಣುವುವು. ಅಲ್ಲಲ್ಲಿ ಒಂದು ಸಾಲು ನಡುವೆಯೇ ನಿಂತುಹೋಗಿ, ಅದರ ಎರಡು ಬದಿಯ ಸಾಲುಗಳು ಒಂದನ್ನೊಂದು ಸೇರಿಕೊಂಡಿರುವುವು.

ತಾಮ್ರ, ಬೆಳ್ಳಿ, ಚಿನ್ನಗಳೊಳಗಿನ ವ್ಯವಸ್ಥೆಯೂ ಹೀಗೆಯೇ. ಇವು ನೋಡಲು ಹರಳಿನಂತೆ ಕಾಣದಿದ್ದರೂ ನಿಜವಾಗಿ ಅಸಂಖ್ಯ ಸೂಕ್ಷ್ಮ ಹರಳುಗಳ ಕೂಟಗಳು. ಪ್ರತಿ ಹರಳಿನಲ್ಲಿ ಪರಮಾಣುಗಳು ಸಾಲುಸಾಲಾಗಿ, ಪದರಪದರವಾಗಿ ಜೋಡಿಸಿರುವುವು. ತಾಮ್ರದಲ್ಲಿ ಒಂದು ಸೆಂಟಿಮೀಟರ್ ಉದ್ದದ ಸಾಲಿನಲ್ಲಿ ಸುಮಾರು 4 ಕೋಟಿ ಪರಮಾಣುಗಳು ಹಿಡಿಸುವುವು.

ತಂತಿಯನ್ನು ಬಾಗಿಸಿದಾಗ ಈ ಪದರಗಳು ಒಂದರ ಮೇಲೊಂದು ಜಾರುವುವು. ಒಂದು ಪದರದ ಪರಮಾಣುಗಳೆಲ್ಲವೂ ಏಕಕಾಲದಲ್ಲಿ ಜಾರಬೇಕಾದರೆ ಎಷ್ಟು ಬಲ ಬೇಕೆಂದು ರಷ್ಯದ ಭೌತವಿಜ್ಞಾನಿ ಫ್ರೆಂಕೆಲ್ 1926ರಲ್ಲಿ ಲೆಕ್ಕ ಹಾಕಿದರು. ಬಂದ ಉತ್ತರ ಮೆತ್ತನೆಯ ಲೋಹದ ನಿಜವಾದ ಬಲಕ್ಕಿಂತ ಸಾವಿರಾರು ಪಾಲು ಹೆಚ್ಚು! ಆ ಲೆಕ್ಕ ಸರಿಯಾಗಿದ್ದಲ್ಲಿ ಬೆರಳಿನಿಂದ ತಂತಿ ಬಾಗಿಸುವುದು ಯಾರಿಗೂ ಸಾಧ್ಯವಾಗುತ್ತಿರಲಿಲ್ಲ.

ಈ ಒಗಟನ್ನು 1934ರಲ್ಲಿ ಟೇಲರ್, ಒರೊವಾನ್, ಪೊಲಾನ್ಯಿ ಎಂಬ ಮೂವರು ಪ್ರತ್ಯೇಕವಾಗಿ ಬಿಡಿಸಿದರು. ದೊಡ್ಡ ಜಮಖಾನೆಯನ್ನು ನೆಲದ ಮೇಲೆ ಇಡಿಯಾಗಿ ಎಳೆಯುವುದು ಕಷ್ಟ. ಒಂದು ಅಂಚಿನಲ್ಲಿ ಮಡಿಕೆಯೊಂದನ್ನು ಎಬ್ಬಿಸಿ, ಆ ಮಡಿಕೆಯನ್ನು ಇನ್ನೊಂದು ಅಂಚಿಗೆ ತಳ್ಳಿಕೊಂಡು ಹೋದರೆ ಜಮಖಾನೆ ಸುಲಭವಾಗಿ ಅಷ್ಟು ದೂರ ಸರಿಯುವುದು. ಹರಳಿನಲ್ಲಿಯೂ ಅಂತಹ ಮಡಿಕೆಗಳಿವೆ. ತಟ್ಟೆಯಲ್ಲಿ ನಾವು ಕಂಡ, ನಡುವೆ ನಿಂತುಹೋದ ಸಾಲೇ ಅದು. ಇದನ್ನು ‘ಸ್ಥಾನಪಲ್ಲಟ’ ಎಂದು ಕರೆಯೋಣ. ಈ ಪಲ್ಲಟವು ಪರಮಾಣುವಿನಿಂದ ಪರಮಾಣುವಿಗೆ ಮುಂದುವರಿಯುತ್ತ ಹೋದಂತೆ ಪದರವು ಸ್ವಲ್ಪ ಬಲಕ್ಕೇ ಜಾರುವುದು. 1956ರಲ್ಲಿ ಹರ್ಷ್ ಮತ್ತು ಅವರ ಸಂಗಡಿಗರು ಕೇಂಬ್ರಿಜ್ಜಿನಲ್ಲಿ ಅಲ್ಯುಮಿನಿಯಮ್ಮಿನ ತೆಳುಹಾಳೆಯೊಳಗೆ ಈ ಪಲ್ಲಟಗಳ ಚಲನೆಯನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಕಣ್ಣಾರೆ ಕಂಡರು.

ಸಿಕ್ಕು ತಂದ ಗಡಸುತನ

ಪಲ್ಲಟಗಳು ಇರುವುದರಿಂದ ಲೋಹ ಮೆತ್ತಗೆ ಎನ್ನುವುದಾದರೆ, ಬಾಗಿಸಿದಂತೆ ಅದು ಗಡಸಾಗುವುದೇಕೆ? ಬಾಗಿಸುವಾಗ ಹೊಸ ಪಲ್ಲಟಗಳು ಹುಟ್ಟುತ್ತಲೇ ಇರುವುವು. ಕೆಲವೇ ಎಳೆಗಳಿದ್ದಾಗ ನೂಲು ಸರಾಗವಾಗಿ ಬಿಚ್ಚಿಕೊಳ್ಳುವುದು. ಎಳೆಗಳು ಹೆಚ್ಚಿ ಒಂದರ ಮೇಲೊಂದು ಹಾಯ್ದರೆ ಸಿಕ್ಕಾಗುವುದು, ಯಾವ ಎಳೆಯೂ ಅಲುಗಾಡದು. ಪಲ್ಲಟಗಳಿಗೂ ಇದೇ ಗತಿ. ಚೆನ್ನಾಗಿ ಮೆತ್ತಗಾಗಿರುವ ಲೋಹದ ಒಂದು ಘನ ಸೆಂಟಿಮೀಟರಿನಲ್ಲಿರುವ ಪಲ್ಲಟರೇಖೆಗಳನ್ನೆಲ್ಲ ಸಾಲಾಗಿ ಜೋಡಿಸಿದರೆ ಹತ್ತರಿಂದ ಸಾವಿರ ಕಿಲೋಮೀಟರ್ ಆದೀತು. ಬಹಳವಾಗಿ ಬಡಿದ ಇಲ್ಲವೆ ಎಳೆದ ಲೋಹದಲ್ಲಾದರೋ ಅದು 1 ಕೋಟಿ ಕಿಲೋಮೀಟರನ್ನು ಮುಟ್ಟಬಲ್ಲುದು. ಭೂಮಿಯಿಂದ ಚಂದ್ರನಿಗಿರುವ ದೂರದ ಇಪ್ಪತ್ತೈದು ಪಾಲಿಗೂ ಹೆಚ್ಚು! ಇಂತಹ ಸಿಕ್ಕಿನಲ್ಲಿ ಪದರಗಳು ಜಾರಲಾರವು. ಜಾರಲಾಗದ ಲೋಹವನ್ನು ಮತ್ತೂ ಬಾಗಿಸಿದರೆ ಅದು ಬಿರಿಯುವುದೊಂದೇ ದಾರಿ.

ಆ ತಾಯಿಯ ಕೊಂಡಿಗಳ ರಹಸ್ಯ ಈಗ ಅರ್ಧ ತಿಳಿದಂತಾಯಿತು. ಅವರು ಕೆಲಸ ಮಾಡುವುದನ್ನು ನಾವು ಪಕ್ಕದಲ್ಲಿ ಕುಳಿತು ನೋಡಿದೆವು. ಸುರುಳಿಯಲ್ಲಿದ್ದ ತಂತಿಯನ್ನು ಇಕ್ಕಳದ ನಡುವೆ ಮತ್ತೆ ಮತ್ತೆ ಎಳೆದು ನೇರ ಮಾಡುತ್ತಿದ್ದರು. ಕೊಂಡಿ ವಕ್ರವಾದರೆ ಬಿಚ್ಚಿ ಎರಡನೆಯ ಸಲ, ಮೂರನೆಯ ಸಲ ಸುತ್ತುತ್ತಿದ್ದರು. ತಂತಿ ದುಬಾರಿಯಾದುದರಿಂದ ಒಂದು ಅಂಗುಲವನ್ನೂ ಎಸೆಯುತ್ತಿರಲಿಲ್ಲ. ಮಿತವ್ಯಯದ ಈ ಗುಣವೇ ತಂತಿಗೆ ಮುಳುವಾಯಿತು. ಅಂಗಡಿಯ ತಂತಿಯಲ್ಲಿ ದೋಷವಿರಲಿಲ್ಲ. ಹೆಚ್ಚು ತಿದ್ದಿದ ಅಂದದ ಕೊಂಡಿಗಳೇ ಮೊದಲು ಮುರಿದಿದ್ದವು.

ಉಳಿದರ್ಧ ಇಕ್ಕಳದಲ್ಲಿತ್ತು. ಅದರ ಬಾಯಲ್ಲಿ ಹಲ್ಲುಗಳಿದ್ದವು. ಹಲ್ಲು ತಗುಲಿದ ಕಡೆ ತಂತಿಯ ಮೇಲೆ ಸಣ್ಣ ಗೀರುಗಳು ಬಿದ್ದಿದ್ದವು. ಗೀರಿನ ತಳದಲ್ಲಿ ಒತ್ತಡವು ಹಲವು ಮಡಿಯಾಗುವುದೆಂದು ಇಂಗ್ಲಿಸ್ 1913ರಲ್ಲಿಯೇ ಗಣಿತದಿಂದ ತೋರಿಸಿದರು. ಬಟ್ಟೆ ಹರಿಯುವ ಮೊದಲು ಅಂಚಿನಲ್ಲಿ ಸಣ್ಣ ಕಚ್ಚು ಹಾಕುವ ದರ್ಜಿಗೂ ಈ ತತ್ತ್ವ ಗೊತ್ತು.

ಬೆಂಕಿಯ ಉಪಕಾರ

ಸಿಕ್ಕನ್ನು ಬಿಡಿಸುವ ಉಪಾಯವೇನು? ಮಣಿಯ ತಟ್ಟೆಗೆ ಮರಳೋಣ. ತಟ್ಟೆಯ ಅಂಚನ್ನು ಬೆರಳಿನಿಂದ ಮೆಲ್ಲಗೆ ತಟ್ಟುತ್ತ ಹೋದರೆ ಅಸ್ತವ್ಯಸ್ತವಾದ ಮಣಿಗಳು ಕದಲಿ, ತಮಗೆ ತಾವೇ ಅಚ್ಚುಕಟ್ಟಾದ ಸಾಲುಗಳಾಗುವುವು. ಲೋಹದಲ್ಲಿ ಈ ತಟ್ಟುವ ಕೆಲಸವನ್ನು ಉಷ್ಣವು ಮಾಡುವುದು. ಉಷ್ಣವೆಂದರೆ ಪರಮಾಣುಗಳ ಕಂಪನವೇ ಅಲ್ಲವೆ? ಸಾಕಷ್ಟು ಕಾದಾಗ ಸಿಕ್ಕಿನಿಂದ ತುಂಬಿದ ಹಳೆಯ ಹರಳುಗಳ ನಡುವೆ ಪಲ್ಲಟಗಳು ಬಹಳ ಕಡಮೆಯಿರುವ ಹೊಸ ಹರಳುಗಳು ಮೊಳೆತು, ಬೆಳೆದು, ಹಳೆಯವನ್ನು ಆಕ್ರಮಿಸಿಕೊಳ್ಳುವುವು. ತಂತಿ ಮತ್ತೆ ಮೆತ್ತಗಾಗುವುದು. ಇದಕ್ಕೆ ಲೋಹ ಕರಗಬೇಕಾಗಿಲ್ಲ. ತಾಮ್ರ ಕರಗುವುದು 1085 ಡಿಗ್ರಿ ಸೆಂಟಿಗ್ರೇಡಿನಲ್ಲಿ. ಹದಗಾಯಿಸಲು 500–600 ಡಿಗ್ರಿ ಸಾಕು. ಮಬ್ಬು ಬೆಳಕಿನಲ್ಲಿ ತಂತಿ ಮಂಕಾದ ಕೆಂಪಾಗಿ ಕಂಡರೆ ಹದ ಬಂದಿತೆಂದು ತಿಳಿಯಬೇಕು.

ಅಕ್ಕಸಾಲಿಗರು ಈ ಮರ್ಮವನ್ನು ಸಿದ್ಧಾಂತ ಹುಟ್ಟುವುದಕ್ಕೆ ಎಷ್ಟೋ ಶತಮಾನಗಳ ಹಿಂದೆಯೇ ಬಲ್ಲವರಾಗಿದ್ದರು. ಕಂಬಚ್ಚಿನಲ್ಲಿ ಕೆಲವು ಸಲ ಎಳೆದೊಡನೆ ತಂತಿಯನ್ನು ಸುರುಳಿ ಸುತ್ತಿ ಕೆಂಡದ ಮೇಲಿಟ್ಟು ಊದುಗೊಳವೆಯಿಂದ ಊದಿ ಕಾಯಿಸುವುದು ಅವರ ವಾಡಿಕೆ. ಕಾದ ತಾಮ್ರವನ್ನು ನೀರಿನಲ್ಲಿ ಅದ್ದಿದರೂ ಅದು ಮೆತ್ತಗೇ ಉಳಿಯುವುದು. ಉಕ್ಕಿನ ನಡತೆ ಬೇರೆ. ಕೆಂಪಗೆ ಕಾದ ಉಕ್ಕನ್ನು ನೀರಿನಲ್ಲಿ ಅದ್ದಿದರೆ ಗಡಸಾಗುವುದು. ಕಮ್ಮಾರನ ರೂಢಿಯನ್ನು ಅಕ್ಕಸಾಲಿಗನ ಕೆಲಸಕ್ಕೆ ಅನ್ವಯಿಸಬಾರದು.

ಮನೆಯಲ್ಲಿ ಇದನ್ನು ಮಾಡುವವರು ಕೆಲವು ಎಚ್ಚರಿಕೆಗಳನ್ನು ಪಾಲಿಸಬೇಕು. ಬರಿಯ ತಾಮ್ರದ ತಂತಿಯನ್ನು ಮಾತ್ರ ಕಾಯಿಸಬೇಕು. ಮೋಟಾರು ಸುತ್ತುವ ತಂತಿಗೆ ಅರಗಿನಂತಹ ಲೇಪವಿರುವುದು. ಅದು ಉರಿದು ಕೆಟ್ಟ ಹೊಗೆ ಬರುವುದು. ಗಿಲೀಟು ಮಾಡಿದ ತಂತಿಯ ಹೊಳಪು ಹೋಗುವುದು. ತೆಳುವಾದ ತಂತಿಯನ್ನು ಉರಿಯಲ್ಲಿ ಹೆಚ್ಚು ಹೊತ್ತು ಹಿಡಿದರೆ ಕರಗಿಯೇ ಹೋಗಬಹುದು. ಕಾಯಿಸಿದ ಮೇಲೆ ಕೂರುವ ಕಪ್ಪನ್ನು ಹುಣಸೆಹಣ್ಣು ಮತ್ತು ಉಪ್ಪಿನಿಂದ ತಿಕ್ಕಿ ತೆಗೆಯಬಹುದು. ಮಣಿ ಪೋಣಿಸಿದ ತಂತಿಯನ್ನಂತೂ ಎಂದಿಗೂ ಕಾಯಿಸಬಾರದು. ಇದಕ್ಕೆ ಕಾರಣ ಮಣಿಯ ಸ್ವಭಾವದಲ್ಲಿದೆ.

ಮಣಿಯ ಸ್ವಭಾವ

ಗಾಜಿನ ಮಣಿಯೂ ತಂತಿಯಂತೆ ಎಳೆತದಿಂದಲೇ ಹುಟ್ಟುವುದುಂಟು. ಆಂಧ್ರ ಪ್ರದೇಶದಲ್ಲಿ ಶ್ರೀಕಾಳಹಸ್ತಿಯ ಕಡೆಯ ಪಾಪಾನಾಯುಡುಪೇಟೆಯಲ್ಲಿ ಇಪ್ಪತ್ತನೆಯ ಶತಮಾನದಲ್ಲಿಯೂ ಒಂದು ಪುರಾತನ ಪದ್ಧತಿ ಉಳಿದಿತ್ತು. ಕುಲುಮೆಯಲ್ಲಿ ಮೆತ್ತಗಾದ ಗಾಜಿನ ಮುದ್ದೆಯೊಳಗೆ ಪೊಳ್ಳು ಮಾಡಿ, ಅದನ್ನು ಉದ್ದಕ್ಕೆ ಎಳೆಯುತ್ತಿದ್ದರು. ಮುದ್ದೆ ಸಪೂರವಾದಂತೆ ಪೊಳ್ಳೂ ಸಪೂರವಾಗಿ, ಸೂಜಿ ತೂರುವಷ್ಟೇ ರಂಧ್ರವುಳ್ಳ ನಾಳವಾಗುತ್ತಿತ್ತು. ಅದನ್ನು ಚೂರುಚೂರಾಗಿ ಕತ್ತರಿಸಿ, ಒಂದಕ್ಕೊಂದು ಅಂಟದಂತೆ ಬೂದಿಯೊಡನೆ ಕಾಯಿಸಿದರೆ ಚೂಪಾದ ಅಂಚುಗಳು ಕರಗಿ ದುಂಡಗಾಗುತ್ತಿದ್ದವು.

ಆದರೆ ತಣ್ಣಗಾದ ಗಾಜಿಗೂ ಲೋಹಕ್ಕೂ ದೊಡ್ಡ ಅಂತರವಿದೆ. ಗಾಜಿನಲ್ಲಿ ಪರಮಾಣುಗಳ ಕ್ರಮವಾದ ಸಾಲುಗಳಿಲ್ಲ. ಸಾಲೇ ಇಲ್ಲದಿದ್ದ ಮೇಲೆ ಪಲ್ಲಟದ ಜಾರಾಟವೂ ಇಲ್ಲ. ಆದುದರಿಂದ ಗಾಜು ಬಾಗಿ ಎಚ್ಚರಿಕೆ ಕೊಡುವುದಿಲ್ಲ, ಒಮ್ಮೆಲೇ ಒಡೆಯುವುದು. ಅಸಮವಾಗಿ ಕಾದರೆ ಒಂದು ಭಾಗ ಹಿಗ್ಗಿ ಇನ್ನೊಂದು ಹಿಗ್ಗದೆ ಸೀಳುವುದು. ಇನ್ನೊಂದು ಸಂಗತಿಯನ್ನು ನೆನಪಿಡಬೇಕು. ಮೋಸ್ ಎಂಬುವರ ಗಡಸುತನದ ಶ್ರೇಣಿಯಲ್ಲಿ ಗಾಜಿನ ಸ್ಥಾನ ಸುಮಾರು ಐದೂವರೆ, ತಾಮ್ರದ್ದು ಮೂರು, ಚಿನ್ನದ್ದು ಎರಡೂವರೆಯಿಂದ ಮೂರು. ಎಂದರೆ ಮಣಿಯು ತಂತಿಯನ್ನು ಗೀರಬಲ್ಲುದು. ತಂತಿ ಮಣಿಯನ್ನು ಗೀರಲಾರದು.

ಗೇಜು ಮತ್ತು ಬಾಗು

ಅಂಗಡಿಯಲ್ಲಿ ತಂತಿಯ ದಪ್ಪವನ್ನು ಗೇಜಿನ ಸಂಖ್ಯೆಯಿಂದ ಹೇಳುವುದು ರೂಢಿ. ಸಂಖ್ಯೆ ಹೆಚ್ಚಿದಂತೆ ತಂತಿ ತೆಳು. ಬ್ರಿಟಿಷ್ ಮಾನದಲ್ಲಿ 20ನೆಯ ಗೇಜು 0.914 ಮಿಲಿಮೀಟರ್, 22ನೆಯದು 0.711; 24ನೆಯದು 0.559, 26ನೆಯದು 0.457. ಇಪ್ಪತ್ತರಿಂದ ಇಪ್ಪತ್ತಾರಕ್ಕೆ ಬಂದರೆ ದಪ್ಪ ಸರಿಯಾಗಿ ಅರ್ಧ. ಆದರೆ ಬಾಗಿಗೆ ತಂತಿ ಒಡ್ಡುವ ಬಿಗುಪು ವ್ಯಾಸದ ನಾಲ್ಕನೆಯ ಘಾತವನ್ನು ಅನುಸರಿಸುವುದರಿಂದ, ಅದು ಅರ್ಧವಾಗುವುದಿಲ್ಲ, ಹದಿನಾರರಲ್ಲಿ ಒಂದು ಪಾಲಾಗುವುದು. ಆಕಾರ ಹಿಡಿದು ನಿಲ್ಲಬೇಕಾದ ಕೊಂಡಿಗೆ 20ನೆಯದನ್ನೂ, ಮಣಿಗಳನ್ನು ಸುತ್ತಿ ಕಟ್ಟಲು 26ನೆಯದನ್ನೂ ಬಳಸುವುದು ಏಕೆಂದು ಇದರಿಂದ ತಿಳಿಯುವುದು.

ತಂತಿಯನ್ನು ಸಲಾಕೆಗೆ ಸುತ್ತಿದಾಗ ಅದರ ಹೊರಮೈ ಹಿಗ್ಗಬೇಕು, ಒಳಮೈ ಕುಗ್ಗಬೇಕು. ತಂತಿಯ ವ್ಯಾಸವನ್ನು, ಸಲಾಕೆ ಮತ್ತು ತಂತಿಗಳ ವ್ಯಾಸಗಳ ಮೊತ್ತದಿಂದ ಭಾಗಿಸಿದರೆ ಹೊರಮೈಯ ಹಿಗ್ಗು ಎಷ್ಟೆಂದು ದೊರೆಯುವುದು. 3 ಮಿಲಿಮೀಟರ್ ಸಲಾಕೆಗೆ 20ನೆಯ ಗೇಜಿನ ತಂತಿ ಸುತ್ತಿದರೆ ಈ ಹಿಗ್ಗು ಶೇಕಡಾ 23. 26ನೆಯದಾದರೆ ಶೇಕಡಾ 13. ಹದಗಾಯಿಸಿದ ತಾಮ್ರ ಹರಿಯುವ ಮುನ್ನ ಶೇಕಡಾ 30ರಷ್ಟು ಹಿಗ್ಗಬಲ್ಲುದು. ಗಡಸಾದ ತಾಮ್ರಕ್ಕೆ ಕೆಲವೇ ಶೇಕಡಾ ಹಿಗ್ಗುವ ಶಕ್ತಿ. ಹೀಗಾಗಿ ಮೆತ್ತನೆಯ ತಂತಿ ನಿಶ್ಚಿಂತೆಯಿಂದ ಸುತ್ತಿಕೊಳ್ಳುವುದು. ದಣಿದ ತಂತಿಯ ಹೊರಮೈಯಲ್ಲಿ ಕಣ್ಣಿಗೆ ಕಾಣದ ಬಿರುಕು ಹುಟ್ಟಿ, ಓಲೆ ತೊಡುವವರ ಕೈಯಲ್ಲಿ ಒಂದು ದಿನ ಮುರಿಯುವುದು.

ಹಾಗೆಂದು ಒಡವೆಯನ್ನು ಮೆತ್ತಗೇ ಬಿಟ್ಟರೂ ನಡೆಯದು. ಮೆತ್ತನೆಯ ಕೊಂಡಿ ತನ್ನ ಭಾರಕ್ಕೇ ಬಾಯಿ ಬಿಡುವುದು. ಆದುದರಿಂದ ಕೆಲಸದ ಅನುಕ್ರಮವೇ ಮುಖ್ಯ: ಮೊದಲು ಹದಗಾಯಿಸಬೇಕು, ಒಂದೇ ಸಲಕ್ಕೆ ಆಕಾರ ಕೊಡಬೇಕು, ಕೊನೆಗೆ ಕೊಂಡಿಯನ್ನು ಸಪಾಟಾದ ಕಬ್ಬಿಣದ ಮೇಲಿಟ್ಟು ಸಣ್ಣ ಸುತ್ತಿಗೆಯಿಂದ ನಾಲ್ಕಾರು ಸಲ ಮೆಲ್ಲಗೆ ತಟ್ಟಬೇಕು. ಮೊದಲೇ ಬಂದರೆ ಶತ್ರುವಾಗುವ ಗಡಸುತನವು ಕೊನೆಯಲ್ಲಿ ಬಂದರೆ ಮಿತ್ರ. ಉಂಗುರಕೊಂಡಿಯ ಬಾಯಿ ತೆರೆಯುವಾಗಲೂ ಎರಡು ತುದಿಗಳನ್ನು ಅಗಲಕ್ಕೆ ಎಳೆಯಬಾರದು. ಬಾಗಿಲು ತೆರೆದಂತೆ ಒಂದನ್ನು ಪಕ್ಕಕ್ಕೆ ಸರಿಸಬೇಕು. ಆಗ ಬಾಗು ಒಂದೇ ಜಾಗದಲ್ಲಿ ಕೂಡಿಕೊಳ್ಳದೆ ಉಂಗುರದ ಉದ್ದಕ್ಕೂ ಹಂಚಿಹೋಗುವುದು.

ಕರಿಮಣಿ ಹರಿದ ಬಗೆ

ಈಗ ಎರಡನೆಯ ಪ್ರಶ್ನೆ. ಆ ತಾಯಿಯ ಸರದಲ್ಲಿ ಪ್ರತಿ ಕರಿಮಣಿಯೊಳಗೂ ಚಿನ್ನದ ತಂತಿ ಹಾಯ್ದು, ಎರಡು ಬದಿಯಲ್ಲಿ ಕುಣಿಕೆಯಾಗಿ, ಮುಂದಿನ ಕುಣಿಕೆಯನ್ನು ಹಿಡಿದಿತ್ತು. ಒಡವೆಗೆ ಬಳಸುವ 22 ಕ್ಯಾರೆಟ್ ಚಿನ್ನದಲ್ಲಿ ನೂರಕ್ಕೆ 91.6 ಪಾಲು ಚಿನ್ನ. ಉಳಿದುದು ಮುಖ್ಯವಾಗಿ ತಾಮ್ರ ಮತ್ತು ಬೆಳ್ಳಿ. ಬೆಳ್ಳಿಯ ಪರಮಾಣು ಗಾತ್ರದಲ್ಲಿ ಚಿನ್ನದ್ದಕ್ಕೆ ಬಹುಮಟ್ಟಿಗೆ ಸಮ. ತಾಮ್ರದ್ದು ನೂರಕ್ಕೆ ಹನ್ನೊಂದರಷ್ಟು ಚಿಕ್ಕದು. ಸಮ ಗಾತ್ರದ ಮಣಿಗಳ ನಡುವೆ ಚಿಕ್ಕ ಮಣಿಯೊಂದು ಸೇರಿದರೆ ಸಾಲು ಕೆಡುವಂತೆ, ತಾಮ್ರವು ಚಿನ್ನದ ಸಾಲುಗಳನ್ನು ಕೆಡಿಸಿ ಪಲ್ಲಟಗಳನ್ನು ತಡೆಯುವುದು. ಆದುದರಿಂದಲೇ ಚಿನ್ನಕ್ಕೆ ಗಟ್ಟಿತನ ಕೊಡುವುದರಲ್ಲಿ ಬೆಳ್ಳಿಗಿಂತ ತಾಮ್ರ ಮೇಲು.

ಹೀಗೆ ಗಟ್ಟಿಯಾದರೂ ಚಿನ್ನ ಗಾಜಿನ ಮುಂದೆ ಮೆತ್ತಗೆಯೇ. ಹಗಲಿರುಳು ಕೊರಳಿನಲ್ಲಿರುವ ಸರ, ಪ್ರತಿ ಅಲುಗಾಟಕ್ಕೂ ಮಣಿಯ ಅಂಚಿಗೆ ತಂತಿಯನ್ನು ಉಜ್ಜುವುದು. ಕುಣಿಕೆ ಕುಣಿಕೆಯನ್ನು ಸವೆಸುವುದು. ನಾವು ಭೂತಗನ್ನಡಿಯಲ್ಲಿ ನೋಡಿದಾಗ ತಂತಿ ಹರಿದುದು ಮಣಿಯ ಅಂಚಿಗೆ ಹೊಂದಿಕೊಂಡಂತೆಯೇ; ಅಲ್ಲಿ ಅದು ಸವೆದು ಸೊಂಟದಂತೆ ಕಿರಿದಾಗಿತ್ತು. 0.4 ಮಿಲಿಮೀಟರ್ ತಂತಿ 0.3ಕ್ಕೆ ಸವೆದರೆ ಕಣ್ಣಿಗೆ ವ್ಯತ್ಯಾಸ ತೋರದು. ಆದರೆ ಅಡ್ಡಕೊಯ್ತದ ಕ್ಷೇತ್ರಫಲ ನೂರಕ್ಕೆ 44ರಷ್ಟು ಕಡಮೆಯಾಗಿರುವುದು. ಇದರ ಜೊತೆಗೆ ಸಣ್ಣ ಸಣ್ಣ ಬಾಗುಗಳು ಲಕ್ಷಾಂತರ ಸಲ ನಡೆದು ಲೋಹ ದಣಿದಿರುವುದು. ರೈಲು ಗಾಡಿಗಳ ಅಚ್ಚುಗಳು ಹೊರಬಲ್ಲ ಭಾರಕ್ಕೇ ಕಾಲಾಂತರದಲ್ಲಿ ಮುರಿಯುವುದನ್ನು ಜರ್ಮನಿಯ ವೋಲರ್ ಹತ್ತೊಂಬತ್ತನೆಯ ಶತಮಾನದ ಮಧ್ಯಭಾಗದಲ್ಲಿ ವರ್ಷಗಟ್ಟಲೆ ಅಭ್ಯಸಿಸಿದರು. ರೈಲಿನ ಅಚ್ಚಿಗೆ ಅನ್ವಯಿಸುವ ನಿಯಮವೇ ಕೊರಳಿನ ಕುಣಿಕೆಗೂ ಅನ್ವಯಿಸುವುದು. ಎಲ್ಲಿ ಉಜ್ಜಾಟ ಹೆಚ್ಚೋ ಅಲ್ಲಿ, ಎಂದು ಸವೆತ ಮಿತಿ ಮೀರುವುದೋ ಅಂದು, ಯಾರ ಮನೆಯಲ್ಲಾದರೂ ಸರ ಹರಿಯುವುದು. ವರ್ಷಕ್ಕೊಮ್ಮೆ ಭೂತಗನ್ನಡಿಯಲ್ಲಿ ಕುಣಿಕೆಗಳನ್ನು ನೋಡಿ, ಸವೆದುದನ್ನು ಅಕ್ಕಸಾಲಿಗನಿಂದ ಬದಲಾಯಿಸಿಕೊಂಡರೆ ಹರಿಯುವ ಸಂಭವ ಬಹಳ ಕಡಮೆಯಾಗುವುದು. ಮುನ್ನೆಚ್ಚರಿಕೆಯಿಂದ ತಡೆಯಬಹುದಾದ ಘಟನೆಯನ್ನು ಶಕುನವೆಂದು ಕರೆಯುವುದು ನ್ಯಾಯವಲ್ಲ. ಅದರ ಹೊರೆಯನ್ನು ಹೆಣ್ಣಿನ ತಲೆಗೆ ಹೊರಿಸುವುದು ಇನ್ನೂ ಅನ್ಯಾಯ.

ನಾವು ಆ ಮನೆಯ ಹಿರಿಯರಿಗೆ ಉಪದೇಶ ಮಾಡಲಿಲ್ಲ. ಭೂತಗನ್ನಡಿಯನ್ನೂ ಹರಿದ ಕುಣಿಕೆಯನ್ನೂ ಅವರ ಕೈಗೆ ಕೊಟ್ಟೆವು. ಅವರು ಬಹಳ ಹೊತ್ತು ನೋಡಿದರು. “ಬಾವಿ ಹಗ್ಗ ಕಲ್ಲಿಗೆ ಉಜ್ಜಿ ಸವೆದ ಹಾಗಿದೆ” ಎಂದರು. ಇದಕ್ಕಿಂತ ಚೆನ್ನಾದ ವಿವರಣೆಯನ್ನು ನಾವೂ ಕೊಡಲಾರೆವು.

ಆ ತಾಯಿ ಈಗ ಹಲ್ಲಿಲ್ಲದ ಇಕ್ಕಳ ಬಳಸುತ್ತಾರೆ. ತಪ್ಪಿದ ಕೊಂಡಿಯನ್ನು ತಿದ್ದದೆ ಬೇರೆಯಾಗಿಡುತ್ತಾರೆ. ವಾರಕ್ಕೊಮ್ಮೆ ಅವನ್ನೆಲ್ಲ ಒಟ್ಟಿಗೆ ಕಾಯಿಸಿ ಮತ್ತೆ ಮೊದಲಿನಿಂದ ಸುತ್ತುತ್ತಾರೆ. ಅಂಗುಲ ತಂತಿಯೂ ಪೋಲಾಗುವುದಿಲ್ಲ.